ಒಂದೇ ಅಚ್ಚು, ಎರಡು ಕೈ

ನಾಸಿಕ, ೧೪ ಆಗಸ್ಟ್ ೧೯೮೯, ಸೋಮವಾರ

ಇವತ್ತಿನ ತಾರೀಖಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಡಿಸೆಂಬರಿನಲ್ಲಿ ಔರಂಗಾಬಾದಿನಲ್ಲಿ ನಡೆಯುವ ನಾಣ್ಯ ಸಮ್ಮೇಳನದ ಪತ್ರ ಕಚೇರಿಗೆ ಬಂತು. ಪ್ರಬಂಧ ಮಂಡಿಸುವವರು: ಸರೋಜಿನಿ, ಛಾಯಾಗ್ರಾಹಕಿ. ನನ್ನ ಹೆಸರು ಮೊದಲು, ನಮ್ಮ ಮುಖ್ಯಸ್ಥರಾದ ರಘೋತ್ತಮ ಸಾಹೇಬರದು ಆಮೇಲೆ. ನಾಣ್ಯ ಸಂಶೋಧನೆಯ ಈ ಕಚೇರಿ ಹುಟ್ಟಿದಂದಿನಿಂದ ಫೋಟೋ ತೆಗೆದವರ ಹೆಸರು ಪುಸ್ತಕದ ಕೊನೆಯ ಪುಟದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ ಬರುತ್ತಿತ್ತು. ಆ ಕಾಲ ಮುಗಿಯಿತು. ಯಾರೂ ದಯೆ ತೋರಿಸಿ ಕೊಟ್ಟದ್ದಲ್ಲ, ಒಂದು ವರ್ಷ ಜಗಳವಾಡಿ ಗೆದ್ದದ್ದು.

ಜಗಳ ಏನೆಂದು ಬರೆದಿಡುತ್ತೇನೆ. ಶಿವರಾಯಿ ಎಂದರೆ ಮರಾಠರ ಕಾಲದ ತಾಮ್ರದ ಕಾಸು. ಒಂದು ಮುಖದಲ್ಲಿ ‘ಶ್ರೀ ರಾಜಾ ಶಿವ’, ಇನ್ನೊಂದರಲ್ಲಿ ‘ಛತ್ರ ಪತಿ’, ಸುತ್ತ ಚುಕ್ಕಿಗಳ ಸಾಲು. ಬೆಳ್ಳಿಯ ರೂಪಾಯಿ ಸಾಹುಕಾರನ ತಿಜೋರಿಯಲ್ಲಿ ಮಲಗಿತ್ತು. ಕೂಲಿಯವರ ಸೆರಗಿನ ಗಂಟಿನಲ್ಲಿ ತಿರುಗಿದ್ದು ಈ ಕಾಸು. ಅದಕ್ಕೇ ವಿದ್ವಾಂಸರಿಗೆ ಇದು ಬೇಡ. ನನಗೆ ಇದೇ ಬೇಕು. ಕಬ್ಬಿಣದ ಅಚ್ಚಿನಲ್ಲಿ ಒಬ್ಬ ಮನುಷ್ಯ ಕೈಯಾರೆ ಅಕ್ಷರ ಕೊರೆದ, ಇನ್ನೊಬ್ಬ ಅದರ ಮೇಲೆ ತಾಮ್ರದ ಬಿಲ್ಲೆ ಇಟ್ಟು ಸುತ್ತಿಗೆ ಬೀಸಿದ. ರಾಜನ ಹೆಸರು ಒಂದೇ ಇರಬಹುದು, ಅಚ್ಚು ಒಂದರಂತೆ ಒಂದಿಲ್ಲ. ಯಾವ ಕಾಸು ಯಾವ ಅಚ್ಚಿನಿಂದ ಹುಟ್ಟಿತು ಎಂದು ಫೋಟೋ ತೆಗೆದು ಗುಂಪು ಮಾಡುವುದು ನನ್ನ ಕೆಲಸ.

ನಾಸಿಕದ ಪಕ್ಕದ ಹೊಲವೊಂದರಲ್ಲಿ ಸಿಕ್ಕ ಮಡಕೆಯಲ್ಲಿ ಒಂದೇ ಅಚ್ಚಿನ ಮೂವತ್ತೊಂದು ಕಾಸುಗಳಿವೆ. ಅವುಗಳ ಅಕ್ಷರ ಮೊಂಡು. ಔರಂಗಾಬಾದಿನ ವಸ್ತುಸಂಗ್ರಹಾಲಯದಲ್ಲಿ ಅದೇ ಚಹರೆಯ ಒಂಬತ್ತು ಕಾಸುಗಳಿವೆ. ಅಲ್ಲಿ ಅಕ್ಷರ ಚೂಪು, ಮತ್ತು ಪ್ರತಿ ಅಕ್ಷರದ ಮಗ್ಗುಲಲ್ಲಿ ನೆರಳಿನಂಥ ಇನ್ನೊಂದು ಸಣ್ಣ ಗೆರೆ. ಸಾಹೇಬರು ನೋಡಿದವರೇ, ‘ಏನಿಲ್ಲರೀ, ಎರಡೇಟು ಬಿದ್ದದ. ಕುಡದು ಹೊಡದಾರ ಸೂಳೇಮಕ್ಕಳು’ ಎಂದರು. ದುಡಿಯುವವನ ಕೈಯಲ್ಲಿ ಏನು ಕಂಡರೂ ಇವರಿಗೆ ಮೊದಲು ನೆನಪಾಗುವುದು ಸಾರಾಯಿ. ‘ಅಲ್ಲ ಸರ್, ಇದು ಬೇರೆ ಊರಿನ ಟಂಕಸಾಲೆ, ಬೇರೆ ಅಚ್ಚು, ಇದು ಅವರ ಶೈಲಿ’ ಎಂದೆ. ಹೆಸರೂ ಇಟ್ಟೆ: ಜೋಡಿಗೆರೆ. ಒಂದು ವರ್ಷ ಬಿಡಲಿಲ್ಲ. ಓದುವಾಗ ಹೋರಾಟಕ್ಕಿಳಿದು ಗುಲಬರ್ಗಾದ ಬೀದಿಗಳಲ್ಲಿ ಮೈಕಿಲ್ಲದೆ ಘೋಷಣೆ ಕೂಗಿ, ಮೆರವಣಿಗೆಯ ಕೊನೆಯ ಸಾಲಿಗೂ ಮುಟ್ಟಿಸಿದ ಗಂಟಲು ಇದು. ಕೊನೆಗೆ ಅವರೇ ಸುಸ್ತಾದರು. ‘ಆತರೀ, ಎರಡು ಟಂಕಸಾಲಿ ಅಂತನಽ ಬರೀರಿ, ನಿಮ್ಮ ಹೆಸರಿಲೇ ಬರೀರಿ’ ಎಂದರು.

ಅವ್ವನಿಗೆ ಹೇಳಿದೆ. ‘ಪಗಾರ ಹೆಚ್ಚಾತೇನು?’ ಎಂದಳು. ಪಗಾರ ಅಲ್ಲವ್ವ, ಹೆಸರು ಎಂದೆ. ‘ಹೆಸರು ನಾ ಆಗಲೇ ಇಟ್ಟೀನಲ್ಲ’ ಎಂದು ರೊಟ್ಟಿ ತಟ್ಟುತ್ತ ಕೂತಳು.

ಅವ್ವ ಈರಮ್ಮ ನಲವತ್ತು ವರ್ಷ ಟಾಕಿ ಹೊಡೆದವಳು. ಜಾತಾ ಎನ್ನುವ ಬೀಸುಕಲ್ಲು, ಖಾರ ಅರೆಯುವ ಪಾಟಾ ಸವೆದು ನುಣುಪಾದರೆ ಉಳಿಯಿಂದ ಅದಕ್ಕೆ ಮತ್ತೆ ಮುಳ್ಳು ಎಬ್ಬಿಸುವ ಕೆಲಸ. ಓಣಿ ಓಣಿ ಕೂಗಿಕೊಂಡು ತಿರುಗಿ ನನ್ನನ್ನು ಓದಿಸಿದಳು. ನೌಕರಿ ಸಿಕ್ಕು ನಾಸಿಕಕ್ಕೆ ಬಂದ ತಿಂಗಳೇ ಆ ಕೆಲಸ ಬಿಡಿಸಿದೆ. ನನ್ನ ಮೊದಲ ಕ್ರಾಂತಿ ಅದು. ಕಚೇರಿಯಲ್ಲಿ ಯಾರಾದರೂ ಕೇಳಿದರೆ ‘ತಾಯಿ ಮನೆಯಲ್ಲೇ ಇರುತ್ತಾರೆ’ ಎನ್ನುತ್ತೇನೆ. ಸುಳ್ಳೇನಲ್ಲವಲ್ಲ.

೨೯ ಆಗಸ್ಟ್

ನಲವತ್ತೂ ಕಾಸುಗಳ ಪ್ರಿಂಟು ಮುಗಿದವು, ಒಂದೊಂದೂ ಊಟದ ತಟ್ಟೆಯಷ್ಟು ದೊಡ್ಡದು. ಗಾಜಿನ ಮೇಲೆ ಕಾಸು ಇಟ್ಟು, ಎಡಮೇಲಿನ ಮೂಲೆಯಿಂದ ಒಂದೇ ದೀಪ ಬಿಟ್ಟು ತೆಗೆದ ನಾಸಿಕದ ಚಿತ್ರಗಳು ಎಷ್ಟು ಚೆನ್ನಾಗಿವೆಯೆಂದರೆ ಅಕ್ಷರ ಹಿಡಿದು ಎತ್ತಬಹುದು. ಅಂಚಿನಿಂದ ‘ರಾ’ವರೆಗೆ ಒಂದು ಕೂದಲೆಳೆಯ ಗೆರೆಯೂ ಕಾಣುತ್ತದೆ. ಅಚ್ಚು ಬಿರುಕು ಬಿಟ್ಟಿದ್ದರ ಗುರುತು. ಮೂವತ್ತೊಂದರಲ್ಲೂ ಇದೆ. ಔರಂಗಾಬಾದಿನ ಒಂಬತ್ತನ್ನು ಹೋದ ವರ್ಷ ಮಾರ್ಚಿನಲ್ಲಿ ಅಲ್ಲಿಯೇ ಹೋಗಿ ತೆಗೆದದ್ದು. ಅವರು ದೀಪ ಹಚ್ಚಲು ಬಿಡಲಿಲ್ಲ. ಬಲಮೇಲಿನ ಕಿಟಕಿಯ ಬೆಳಕೇ ಗತಿಯಾಯಿತು. ಆದರೂ ಕೆಟ್ಟಿಲ್ಲ. ಅವುಗಳಲ್ಲಿ ಬಿರುಕಿಲ್ಲ. ಎರಡು ಅಚ್ಚು ಎನ್ನುವುದಕ್ಕೆ ಇನ್ನೇನು ಬೇಕು?

ರಾಜರ ಚರಿತ್ರೆ ಬರೆದವರು ಬೇಕಾದಷ್ಟು ಜನ. ಉಳಿ ಹಿಡಿದವನ ಚರಿತ್ರೆ ಬರೆಯುವ ಮೊದಲನೆಯವಳು ನಾನು.

೧೦ ಸೆಪ್ಟೆಂಬರ್, ಭಾನುವಾರ

ಸಾಹೇಬರ ಮನೆಯಲ್ಲಿ ಗಣಪತಿ. ಪ್ರಬಂಧದ ಖುಷಿಗೆ ನನ್ನನ್ನೂ ಕರೆದಿದ್ದರು. ಪಂಚವಟಿಯಲ್ಲೇ, ನಮ್ಮ ಮನೆಯಿಂದ ನಾಲ್ಕು ಓಣಿ ಆಚೆ. ಅವರ ಹೆಂಡತಿ ರಾಧಾಬಾಯಿ ಧಾರವಾಡದವರು. ಕನ್ನಡ ಮಾತಾಡುವವರು ಸಿಕ್ಕರೆಂದು ನನ್ನನ್ನು ಅಡುಗೆಮನೆ ಬಾಗಿಲ ತನಕ ಕರೆದೊಯ್ದರು. ಬಸಿಯ ಮೇಲಿಟ್ಟ ಕಪ್ಪಿನಲ್ಲಿ ಚಹಾ ಕೊಟ್ಟರು. ಕಪ್ಪನ್ನು ಗಮನಿಸಿದೆ. ಚಿನ್ನದ ಗೆರೆಯ ಕಪ್ಪು. ಅದಕ್ಕೂ ಹೆಮ್ಮೆಪಟ್ಟೆ, ಬರೆದುಬಿಡುತ್ತೇನೆ.

‘ಮಿಕ್ಸರ್ ಅದ ಖರೆ, ಚಟ್ನಿ ಮಾತ್ರ ಪಾಟಾದ ಮ್ಯಾಲಿಂದೇ ಆಗಬೇಕು ನಮ್ಮವರಿಗೆ’ ಎಂದರು ರಾಧಾಬಾಯಿ. ‘ನೋಡ್ರಿ, ಮೊನ್ನೆ ಟಾಕಿ ಹೊಡಿಸೀನಿ. ಒಬ್ಬಾಕಿ ಮುದುಕಿ ಬಂದಿದ್ಲು, ನಮ್ಮ ಕಡಿಯಾಕಿನೇ, ಕನ್ನಡ ಮಾತಾಡ್ತಾಳ! ಕೈ ಏನು ಛಂದ ಅದರೀ ಆಕೀದು. ಹಿತ್ತಲದಾಗ ಕೂಡಿಸಿ ಮಾಡಿಸಿದೆ. ಬಾಯಾರಿಕಿ ಅಂದ್ಲು, ಬೊಗಸಿಗೆ ನೀರು ಹಾಕಿದೆ. ಆಮ್ಯಾಲೆ ಪಾಟಾ ಮೂರು ಸಲ ತೊಳದು ಒಳಗ ತಗೊಂಡೆ.’

ಪಾಟಾ ನೋಡಿದೆ. ಎಲ್ಲರ ಮುಳ್ಳೂ ಬಲಕ್ಕೆ ವಾಲುತ್ತವೆ. ಇವು ಎಡಕ್ಕೆ ವಾಲಿದ್ದವು, ಭತ್ತದ ತೆನೆ ಗಾಳಿಗೆ ಬಾಗಿದಂತೆ, ಒಂದರ ಅಂತರ ಒಂದಕ್ಕೆ ತಪ್ಪದೆ. ನನ್ನವ್ವ ಎಡಚಿ.

‘ಭಾಳ ಹೊತ್ತು ನೋಡಿದ್ರಲ್ಲ, ನಿಮಗೂ ಮಾಡಿಸಬೇಕೇನ್ರಿ?’ ಎಂದರು ರಾಧಾಬಾಯಿ.

ಚಹಾ ಕುಡಿದೆ. ಚಹಾ ಚೆನ್ನಾಗಿತ್ತು.

೧೧ ಸೆಪ್ಟೆಂಬರ್

ಜಗಳ. ‘ನಾ ದುಡಿತೀನಿ, ನಿನಗ ಏನು ಕಡಿಮಿ ಮಾಡೀನಿ? ಹಿತ್ತಲದಾಗ ಕೂತು ಬೊಗಸಿ ಒಡ್ಡಿ ನೀರು ಕುಡೀತಿ? ಇದಕ್ಕೇನು ನಾವು ಹೋರಾಟ ಮಾಡಿದ್ದು?’

‘ಕೈ ಸುಮ್ಮ ಕೂಡಂಗಿಲ್ಲ ಮಗಾ. ತುರಸ್ತಾವ. ನೀ ಆಫೀಸಿಗೆ ಹೋದ್ರ ಈ ಗೋಡಿ ನಾನು, ನಾನು ಈ ಗೋಡಿ.’

‘ನನ್ನ ಮರ್ಯಾದಿ ಏನಾಗಬೇಕು?’

‘ಯಾರಿಗಿ ಗೊತ್ತದ ನಾ ನಿನ್ನ ಅವ್ವ ಅಂತ? ಯಾರಿಗೂ ನಾ ಹೇಳಿಲ್ಲ.’

ಉಳಿ, ಸುತ್ತಿಗೆ, ಚೀಲ ಎಲ್ಲ ತಗಡಿನ ಪೆಟ್ಟಿಗೆಗೆ ಹಾಕಿ ಬೀಗ ಜಡಿದೆ. ಬೀಗದ ಕೈ ನನ್ನ ಪರ್ಸಿನಲ್ಲಿದೆ. ಇದು ಅವಮಾನದ ವಿರುದ್ಧ ತೆಗೆದುಕೊಂಡ ಕ್ರಮ. ಸರಿಯಾದ ಕ್ರಮ.

೨೫ ಸೆಪ್ಟೆಂಬರ್

ಅವ್ವ ಕಿಟಕಿಯಲ್ಲಿ ಕೂತಿರುತ್ತಾಳೆ. ಕೇಳಿದ್ದಕ್ಕೆ ಉತ್ತರ, ಅಷ್ಟೆ. ಪ್ರಬಂಧ ಹನ್ನೊಂದು ಪುಟ ಆಯಿತು.

೯ ಅಕ್ಟೋಬರ್, ಖಂಡೇನವಮಿ

ಇವತ್ತು ಎಲ್ಲ ಬರೆಯುತ್ತೇನೆ.

ರಜೆ. ಬೆಳಿಗ್ಗೆ ನೆಲದ ತುಂಬ ಫೋಟೋ ಹರಡಿಕೊಂಡು ಕೂತಿದ್ದೆ. ಅವ್ವ ತಲೆಗೆ ನೀರು ಹಾಕಿಕೊಂಡು ಬಂದು ಎದುರಿಗೆ ನಿಂತಳು. ‘ಕೀಲಿ ಕೊಡು.’

‘ಯಾಕ?’

‘ಇವತ್ತ ಖಂಡೇನವಮಿ. ವರ್ಷಕ್ಕೊಮ್ಮೆ ಉಳಿಗೆ ಕುಂಕುಮ ಹಚ್ಚಬೇಕು. ನೀ ನನಗ ಬೀಗ ಹಾಕು, ಆಯುಧಕ್ಕ ಹಾಕಬ್ಯಾಡ.’

ಕೊಟ್ಟೆ. ಪತ್ರಿಕೆಯ ಹಾಳೆ ಹಾಸಿ ಉಳಿಗಳನ್ನು ಗಾತ್ರದ ಪ್ರಕಾರ ಸಾಲಾಗಿ ಇಟ್ಟಳು. ಸುತ್ತಿಗೆ ಇಟ್ಟಳು. ‘ನಿಂದೂ ತಾ’ ಎಂದಳು. ಕ್ಯಾಮೆರಾ ಇಟ್ಟೆ. ಲೆನ್ಸಿಗೆ ಕುಂಕುಮ ಬೀಳದಂತೆ ಮುಚ್ಚಳ ಹಾಕಿದೆ. ಪೂಜೆ ಆಯಿತು. ಆಮೇಲೆ ಫೋಟೋಗಳನ್ನು ದಾಟಬಾರದೆಂದು ಒಂದನ್ನು ಎತ್ತಿ ಸರಿಸಹೋದವಳು ಅಲ್ಲೇ ಬಾಗಿ ನಿಂತುಬಿಟ್ಟಳು. ಔರಂಗಾಬಾದಿನ ಕಾಸಿನ ಫೋಟೋ. ಓದು ಬರದವಳು, ತಲೆಕೆಳಗಾಗಿ ಹಿಡಿದಿದ್ದಳು.

‘ಅವ್ವಾ, ಉಲ್ಟಾ ಹಿಡದೀ’ ಎಂದು ನಕ್ಕೆ.

‘ಕಲ್ಲಿಗೆ ಉಲ್ಟಾ ಸೀದಾ ಎಲ್ಲಿ ಬಂತು? ಇದು ಯಾರ ಪಾಟಾ?’

‘ಪಾಟಾ ಅಲ್ಲವ್ವ, ಕಾಸು. ಅಕ್ಷರ ಉಬ್ಬಿದಾವ ನೋಡು.’

‘ಎಲ್ಲಿ ಉಬ್ಬಿದಾವ? ಒಳಗ ಇಳದಾವ. ನೋಡು ಬೇ, ಕಣ್ಣು ಏನಾಗ್ಯಾವ ನಿನಗ!’

ಅವಳ ಭುಜದ ಮೇಲಿಂದ ನೋಡಿದೆ. ನಿಜ. ಬೆಳಕು ಮೇಲಿನಿಂದ ಬರುತ್ತದೆ ಎಂದು ನಮ್ಮ ಕಣ್ಣು ನಂಬಿರುತ್ತದೆ. ಫೋಟೋ ತಲೆಕೆಳಗಾದರೆ ಆ ನಂಬಿಕೆಗೇ ಮೋಸವಾಗಿ ಉಬ್ಬಿದ್ದು ತಗ್ಗಾಗಿ ಕಾಣುತ್ತದೆ. ಹನ್ನೆರಡು ವರ್ಷ ಕ್ಯಾಮೆರಾ ಹಿಡಿದವಳಿಗೆ ಇದು ಗೊತ್ತು. ಇದನ್ನು ದೋಷವೆಂದೇ ಕಲಿತಿದ್ದೆ. ಅವ್ವನ ಕೈಯಲ್ಲಿ ಈಗ ಕಾಸು ಕಾಸಾಗಿರಲಿಲ್ಲ. ಅದನ್ನು ಹೆತ್ತ ಅಚ್ಚಿನ ಹಾಗೆ, ಕೊರೆದ ತಗ್ಗುಗಳ ಕಲ್ಲಿನ ಹಾಗೆ ಕಾಣುತ್ತಿತ್ತು.

‘ಇದು ಹಳೀ ಮುಳ್ಳು’ ಎಂದು ನನ್ನ ಜೋಡಿಗೆರೆಯ ಮೇಲೆ ಬೆರಳಿಟ್ಟಳು. ‘ಸವದು ಹೋಗ್ಯಾವ. ಅದರ ಮ್ಯಾಲೇ ಹೊಸಾದು ಹೊಡದಾರ. ಸರಿಯಾಗಿ ಕೂತಿಲ್ಲ, ಹಳೇದರ ಬಾಲ ಹೊರಗ ಉಳದದ. ಪಾಟಾಕ್ಕ ಎರಡನೇ ಸಲ ಟಾಕಿ ಹೊಡದ್ರ ಹೀಂಗೇ ಆಗ್ತದ.’

ನಾಸಿಕದ ಕಾಸಿನ ಫೋಟೋವನ್ನೂ ತಲೆಕೆಳಗು ಮಾಡಿ ಪಕ್ಕದಲ್ಲಿ ಇಟ್ಟೆ. ಕೇಳಿದೆ, ‘ಇದು?’

‘ಇದೂ ಅದೇ ಕಲ್ಲು. ಸವದಾಗಿಂದು. ಎರಡು ಕಲ್ಲು ಅಲ್ಲ ಇವು, ಒಂದೇ ಕಲ್ಲು.’

‘ನಾಸಿಕದ ಕಾಸಿನಾಗ ಬಿರುಕು ಅದ ಅವ್ವಾ. ಅದರಾಗ ಇಲ್ಲ.’

‘ಇರಬೇಕು. ಬಿರುಕು ಬಿದ್ದ ಕಲ್ಲಿಗೆ ಎಷ್ಟು ಸಲ ಟಾಕಿ ಹೊಡದ್ರೂ ಬಿರುಕು ಹೋಗಂಗಿಲ್ಲ, ಬೆಳೀತದ. ನೀ ಸರಿಯಾಗಿ ನೋಡಿಲ್ಲ. ಹುಡುಕು.’

ಆಮೇಲೆ ತಾನಾಗಿಯೇ, ‘ಮೊದಲ ಕೊರದವ ಬ್ಯಾರೆ, ತಿದ್ದಿದವ ಬ್ಯಾರೆ. ತಿದ್ದಿದವ ಬಲಗೈಯವ, ಗೆರಿ ಬಲಕ್ಕ ವಾಲ್ಯಾವ’ ಎಂದಳು.

‘ಕಾಸು ಅಂದ್ರ ಕನ್ನಡಿ ಇದ್ದಂಗ ಅವ್ವಾ. ಅಚ್ಚಿನಾಗ ಎಡಕ್ಕಿದ್ದದ್ದು ಕಾಸಿನಾಗ ಬಲಕ್ಕ ಬರ್ತದ.’

‘ಹಂಗಾರ ಎಡಚ?’

‘ಎಡಚ ಇರಬಹುದು.’

ತಿಂಗಳಾದ ಮೇಲೆ ಇವತ್ತು ನಕ್ಕಳು. ಕೆಮ್ಮು ಬರುವ ತನಕ ನಕ್ಕಳು. ‘ಇನ್ನೂರು ವರ್ಷದ ಹಿಂದ ನಮ್ಮವ ಒಬ್ಬ ಇದ್ದ ನೋಡು!’

೧೨ ಅಕ್ಟೋಬರ್

ಅವ್ವನ ಮಾತನ್ನು ಮೂರು ದಿನ ಪರೀಕ್ಷಿಸಿದೆ. ಸಾಹೇಬರು ಹೇಳಿದಂತೆ ಎರಡೇಟು ಬಿದ್ದಿದ್ದರೆ ಎಲ್ಲ ಅಕ್ಷರವೂ ಒಂದೇ ಕಡೆಗೆ ಸರಿಯಬೇಕು, ಅಂಚಿನ ಚುಕ್ಕಿಗಳೂ ಜೋಡಿಯಾಗಬೇಕು. ಚುಕ್ಕಿಗಳು ಒಂಟಿಯಾಗಿವೆ. ‘ರಾ’ದ ಬಾಲ ಎಡಕ್ಕೆ, ‘ಶಿ’ಯ ಬಾಲ ಕೆಳಕ್ಕೆ. ಸಾಹೇಬರು ತಪ್ಪು. ಬಿರುಕು ಸಿಕ್ಕರೆ ನಾನೂ ತಪ್ಪು. ಎರಡು ಟಂಕಸಾಲೆ ಇಲ್ಲ, ಎರಡು ಅಚ್ಚಿಲ್ಲ, ಜೋಡಿಗೆರೆ ಶೈಲಿ ಎಂಬುದೇ ಇಲ್ಲ. ಬಿರುಕು ಓಡುವ ದಿಕ್ಕಿನಲ್ಲೇ ಬೆಳಕು ಬಿದ್ದರೆ ಬಿರುಕಿಗೆ ನೆರಳಿರುವುದಿಲ್ಲ. ಆ ಮಾರ್ಚಿನಲ್ಲಿ ಕಿಟಕಿಯ ಬೆಳಕು ಬಿದ್ದದ್ದು ಅದೇ ದಿಕ್ಕಿನಲ್ಲಿ. ಆ ಕಾಸುಗಳಿರುವುದು ಔರಂಗಾಬಾದಿನಲ್ಲಿ. ಹೋಗದೆ ಗೊತ್ತಾಗದು.

ಸಾಹೇಬರಿಗೆ ಹೇಳಿದೆ. ಬಹಳ ಹೊತ್ತು ಫೋಟೋ ನೋಡಿದರು. ಫೋಟೋ ತಿರುಗಿಸಿದರು, ಮತ್ತೆ ತಿರುಗಿಸಿದರು.

‘ಸಾರಾಂಶ ಅಚ್ಚಾಗಿ ಊರೂರಿಗೆ ಹೋಗೇದರೀ ಸರೋಜಿನಿಯವರ. ಈಗ ನೀವು ತಪ್ಪು ಅಂತ ಹೇಳಿದ್ರ ಮಂದಿ ಏನಂತಾರ? ಫೋಟೋ ತೆಗೆಯಾಕಿಗೆ ಮೊದಲ ಹೆಸರು ಕೊಟ್ರ ಹಿಂಗಽ ಆಗೂದು ಅಂತಾರ. ಈ ವರ್ಷ ಇದ್ದದ್ದು ಓದಿಬಿಡ್ರಿ. ತಿದ್ದೂದು ಮುಂದ ನೋಡೂಣು.’ ಫೋಟೋ ನನ್ನ ಕೈಗೆ ಕೊಡುತ್ತ, ‘ಅಲ್ಲ, ಈ ಉಲ್ಟಾ ಹಿಡಿಯೂ ಯುಕ್ತಿ ಯಾರು ಹೇಳಿಕೊಟ್ರು?’ ಎಂದರು.

‘ನಾನೇ ಕಂಡುಕೊಂಡೆ’ ಎಂದೆ.

ಹೌದು, ಯುಕ್ತಿಯ ಕಾರಣ ಕಂಡುಕೊಂಡದ್ದು ನಾನೇ.

೬ ನವೆಂಬರ್

ತಲೆನೋವು. ಚುನಾವಣೆಯ ಜೀಪುಗಳು ದಿನವಿಡೀ ಕಿವಿಯ ಹತ್ತಿರ ಕೂಗುತ್ತವೆ. ಪ್ರಬಂಧದ ಮೊದಲ ಪುಟವನ್ನು ಏಳು ಸಲ ಹರಿದೆ.

ಬಿರುಕು ಇರದಿರಲಿ ಎಂದು ಒಂದು ಮನಸ್ಸು ಹೇಳುತ್ತದೆ. ಇಲ್ಲದಿದ್ದರೆ ಗೆದ್ದೆ. ಆದರೆ ಅವ್ವ ತಪ್ಪಾದಂತಾಯಿತು. ಅದೂ ಬೇಡವೆನ್ನಿಸುತ್ತದೆ.

ಪೆಟ್ಟಿಗೆಗೆ ಮತ್ತೆ ಬೀಗ ಹಾಕುವುದು ಮರೆತುಹೋಗಿದೆ. ಅವ್ವನ ಸೆರಗಿನಲ್ಲಿ ಕಲ್ಲಿನ ಧೂಳಿತ್ತು. ಕೇಳಲಿಲ್ಲ. ಉಳಿಗೆ ಸಾಣೆ ಹಿಡಿಸಿಕೊಂಡು ಬಂದೆ, ದಾರಿಯಲ್ಲೇ ಇತ್ತು ಅಂಗಡಿ.

ಔರಂಗಾಬಾದ್, ೧೫ ಡಿಸೆಂಬರ್, ಶುಕ್ರವಾರ

ಸಾಹೇಬರೂ ನಾನೂ ಬೆಳಗಿನ ಎಸ್‌ಟಿ ಬಸ್ಸಿಗೆ ಹೊರಟು ಯೇವಲಾ ದಾಟಿ ಮಧ್ಯಾಹ್ನ ಇಳಿದೆವು. ಬಸ್ಸಿನ ಹಣೆಯ ಮೇಲೆ ಔರಂಗಾಬಾದ್, ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಹೊಸ ಹೆಸರು, ಸಂಭಾಜಿನಗರ. ಒಂದು ಗೋಡೆಯಲ್ಲಿ ಸುಣ್ಣದ ಕೆಳಗಿಂದ ಹಳೆಯ ಅಕ್ಷರದ ಬಾಲ ಇಣುಕುತ್ತಿತ್ತು. ಈಗೀಗ ನನಗೆ ಇಂಥದ್ದೇ ಕಣ್ಣಿಗೆ ಬೀಳುತ್ತದೆ.

ನೇರ ವಸ್ತುಸಂಗ್ರಹಾಲಯಕ್ಕೆ ಹೋದೆವು. ದೀಪ ಬೇಡವೆಂದರೆ ಇರಲಿ, ನನ್ನ ಚೀಲದಲ್ಲಿ ಟಾರ್ಚಿತ್ತು. ಮೊದಲ ಕಾಸಿಗೆ ಎಡದಿಂದ, ಮಗ್ಗುಲಾಗಿ ಬೆಳಕು ಬಿಟ್ಟೆ. ಅಂಚಿನಿಂದ ‘ರಾ’ವರೆಗೆ ಗೆರೆ ಎದ್ದು ನಿಂತಿತು. ‘ರಾ’ ದಾಟಿ ‘ಜಾ’ದ ಕಾಲಿನವರೆಗೆ. ಒಂಬತ್ತರಲ್ಲೂ. ಬೆಳೆದಿತ್ತು, ಅವ್ವ ಹೇಳಿದಂತೆಯೇ.

ಸೋತೆ. ಇಷ್ಟು ಚೆಂದದ ಸೋಲು ಇನ್ನೊಂದು ಸಿಕ್ಕಲಾರದು. ಒಂದು ಅಚ್ಚು ಸವೆಯಿತು. ಎಸೆಯಲಿಲ್ಲ. ಯಾರೋ ಒಬ್ಬ ಕೂತು, ಹಳೆಯ ಗೆರೆಯ ಮೇಲೆ ಹೊಸ ಗೆರೆ ಕೊರೆದು, ಅದಕ್ಕೆ ಇನ್ನೊಂದು ಆಯುಷ್ಯ ಕೊಟ್ಟ. ಕುಡಿದ ಕೈಗೆ ಆಗುವ ಕೆಲಸವಲ್ಲ.

ಸಾಹೇಬರು ಕನ್ನಡಕ ತೆಗೆದು ಭೂತಕನ್ನಡಿಯಲ್ಲಿ ನೋಡಿದರು. ‘ಅದ’ ಎಂದರು. ಆಮೇಲೆ, ‘ನಾಳೆ ಏನು ಓದ್ತೀರಿ?’

‘ಗೊತ್ತಿಲ್ಲ ಸರ್.’

೧೬ ಡಿಸೆಂಬರ್, ಶನಿವಾರ

ವಸ್ತುಸಂಗ್ರಹಾಲಯದ ಸಭಾಂಗಣದಲ್ಲಿ ಎಂಬತ್ತು ಜನ. ಹೆಂಗಸರು ನಾಲ್ವರು, ಅದರಲ್ಲಿ ಒಬ್ಬರು ಹೂಗುಚ್ಛ ಕೊಡಲು. ನನ್ನ ಸರದಿ ಊಟಕ್ಕೆ ಮುಂಚೆ. ಎಲ್ಲರಿಗೂ ಹಸಿವು. ಬರೆದ ಕಾಗದ ಮೇಜಿನ ಮೇಲೆ ಮಡಚಿಯೇ ಇಟ್ಟೆ. ಸ್ಲೈಡುಗಳನ್ನು ಯಂತ್ರಕ್ಕೆ ನಾನೇ ಹಾಕಿದ್ದೆ. ದೀಪ ಆರಿಸಿದರು. ಮೊದಲ ಸ್ಲೈಡು ಪರದೆಗೆ ಬಂದ ಕೂಡಲೇ ಕೂಗು:

‘ಸ್ಲೈಡ್ ಉಲ್ಟೀ ಆಹೇ!’

‘ಅರೇ ಬಾಯಿ, ಉಲ್ಟಾ ಹೈ, ಉಲ್ಟಾ!’

ನಗು ಎದ್ದಿತು. ಪ್ರೊಜೆಕ್ಟರಿನವನು ಎದ್ದು ಬಂದ. ಕೈ ಅಡ್ಡ ಹಿಡಿದೆ. ಹಿಂದಿಯಲ್ಲಿ ಹೇಳಿದೆ, ಮೆರವಣಿಗೆಯ ಗಂಟಲಿನಲ್ಲಿ: ‘ಉಲ್ಟಾನೇ ಇರಲಿ. ಎರಡು ನಿಮಿಷ ಓದಬೇಡಿ. ಅಕ್ಷರ ಓದುತ್ತಿದ್ದಷ್ಟು ದಿನ ನಾನೂ ಇದನ್ನು ನೋಡಲಿಲ್ಲ. ರಾಜನ ಹೆಸರು ಬಿಡಿ. ತಗ್ಗು ನೋಡಿ.’

ಒಬ್ಬೊಬ್ಬರಾಗಿ ಕುರ್ಚಿಯಲ್ಲಿ ಮುಂದೆ ಬಾಗುವುದು ಕತ್ತಲಲ್ಲೂ ಕಾಣುತ್ತಿತ್ತು. ಯಾರೋ ‘ಅರೇ!’ ಎಂದರು. ಅವರಿಗೆ ಅಕ್ಷರ ಒಳಗಿಳಿದ ಕ್ಷಣ ಅದು.

‘ನಿಮ್ಮ ಕೈಯಲ್ಲಿರುವ ಸಾರಾಂಶದಲ್ಲಿ ಎರಡು ಟಂಕಸಾಲೆ, ಎರಡು ಅಚ್ಚು ಎಂದಿದೆ. ಅದನ್ನು ಬರೆದವಳು ನಾನು. ಅದು ತಪ್ಪು’ ಎಂದೆ. ಒಂದೊಂದಾಗಿ ತೋರಿಸಿದೆ. ಸವೆದ ಗೆರೆ, ಮೇಲೆ ಬಿದ್ದ ಹೊಸ ಗೆರೆ, ಹೊರಗುಳಿದ ಬಾಲ. ಬಿರುಕಿನ ಮಾತು ಬಂದಾಗ, ‘ಒಂಬತ್ತು ಕಾಸು ಪಕ್ಕದ ಕೋಣೆಯಲ್ಲಿವೆ, ನನ್ನ ಟಾರ್ಚಿದೆ, ಬಂದು ನೋಡಿ’ ಎಂದೆ.

ದೀಪ ಹಚ್ಚಿದರು. ಮುಂದಿನ ಸಾಲಿನ ಹಿರಿಯ ಪ್ರಾಧ್ಯಾಪಕರೊಬ್ಬರು ಎದ್ದರು. ‘ಕುತೂಹಲಕರವಾಗಿದೆ, ಬಾಯಿಯವರೇ. ಆದರೆ ಕೊರೆದದ್ದನ್ನು ಮತ್ತೆ ಕೊರೆದರೆ ಹೀಗೆ ಕಾಣುತ್ತದೆ ಎನ್ನಲು ಆಧಾರವೇನು? ಯಾವ ಗ್ರಂಥ? ಯಾರು ಹೇಳಿದ್ದು?’

ನಾನೇ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಅದೇ ಬಂದಿತ್ತು. ಎದುರಿಗೆ ಸಾಹೇಬರು ಕೂತಿದ್ದರು. ಚಿನ್ನದ ಗೆರೆಯ ಕಪ್ಪು ನೆನಪಾಯಿತು.

‘ಈರಮ್ಮ ಹೇಳಿದ್ದು’ ಎಂದೆ. ‘ನನ್ನ ತಾಯಿ. ನಲವತ್ತು ವರ್ಷದಿಂದ ಓಣಿ ಓಣಿ ತಿರುಗಿ ಪಾಟಾಕ್ಕೆ, ಜಾತಾಕ್ಕೆ ಟಾಕಿ ಹೊಡೆಯುತ್ತಾಳೆ. ಈಗಲೂ ಪಂಚವಟಿಯಲ್ಲಿ ಹೊಡೆಯುತ್ತಾಳೆ. ಸವೆದದ್ದರ ಮೇಲೆ ಮತ್ತೆ ಕೊರೆಯುವುದು ಅವಳ ದಿನದ ಕೆಲಸ. ನಾನು ಫೋಟೋ ತೆಗೆದೆ. ಓದಿದ್ದು ಅವಳು. ಪ್ರಬಂಧದಲ್ಲಿ ಹೆಸರು ಹಾಗೇ ಬರಬೇಕು.’

ಹಿಂದೆ ಯಾರೋ ಸಣ್ಣಗೆ ನಕ್ಕರು. ಪ್ರಾಧ್ಯಾಪಕರು ನಗಲಿಲ್ಲ. ಏನನ್ನೋ ಬರೆದುಕೊಂಡು, ‘ಟಾರ್ಚ್ ಎಲ್ಲಿದೆ?’ ಎಂದರು. ಊಟದ ಸಾಲಿಗಿಂತ ಕಾಸಿನ ಕೋಣೆಯ ಮುಂದಿನ ಸಾಲು ಉದ್ದವಿತ್ತು. ನಾನು ಎಣಿಸಲಿಲ್ಲ, ಎಣಿಸಬೇಕೆನ್ನಿಸಿತ್ತು.

ಎಡಚನ ಮಾತು ಹೇಳಲಿಲ್ಲ. ಅದಕ್ಕೆ ಪುರಾವೆ ಸಾಲದು. ಅದು ಅವ್ವನದು.

ಊಟವಾದ ಮೇಲೆ ಸಾಹೇಬರು ಹುಣಸೆಮರದ ಕೆಳಗೆ ಒಬ್ಬರೇ ನಿಂತಿದ್ದರು. ನನ್ನನ್ನು ನೋಡಿ, ‘ನಮ್ಮ ಮನಿ ಪಾಟಾ...’ ಎಂದು ನಿಲ್ಲಿಸಿದರು.

‘ಹೌದ್ರಿ. ನಮ್ಮವ್ವನೇ.’

‘ಅವತ್ತಽ ಒಂದು ಮಾತು ಹೇಳಬಾರದೇನ್ರಿ?’

‘ಹೇಳಿದ್ರ ಅವತ್ತ ಚಾ ಯಾವುದರಾಗ ಕೊಡ್ತಿದ್ರಿ ಸರ್?’

ಆ ಪ್ರಶ್ನೆಯ ಅರ್ಧ ನನಗೂ ಸೇರಿದ್ದು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ‘ರಾಧಾಗ ನಾ ಹೇಳ್ತೀನಿ’ ಎಂದರು.

‘ಬ್ಯಾಡ್ರಿ. ನಾನೇ ಬರ್ತೀನಿ, ಅವ್ವನ ಕರಕೊಂಡು. ಮುಂದಿನ ಬಾಗಿಲಿಂದ.’

ನಾಸಿಕ, ೧೭ ಡಿಸೆಂಬರ್

ಅವ್ವ ಕಾಯುತ್ತಿದ್ದಳು. ಚೀಲ ಇಳಿಸುವ ಮೊದಲೇ, ‘ಬಿರುಕು?’

‘ಇತ್ತು. ಬೆಳದಿತ್ತು.’

‘ಹಾಂ’ ಎಂದಳು. ರಾಣಿಯ ಹಾಗೆ ಗೋಡೆಗೆ ಒರಗಿದಳು. ‘ಮಂದಿ ಕೇಳಿದ್ರೇನು ಯಾರು ಹೇಳಿದ್ದು ಅಂತ?’

‘ನಿನ್ನ ಹೆಸರು ಹೇಳಿದೆ.’

‘ಹೆಸರು ಹೇಳಿದಿ. ಕೆಲಸ ಹೇಳಿದೇನು?’

‘ಹೇಳಿದೆ.’

‘ಹಂಗಾರ ಇನ್ನ ಮ್ಯಾಲೆ ಆ ರಾಧಾಬಾಯಿ ನನ್ನ ಪಾಟಾ ತೋರಿಸಿದ್ರ ನೀ ಚಾ ಕುಡದು ಸುಮ್ಮ ಕೂಡಂಗಿಲ್ಲಲ್ಲ?’

ಎರಡು ತಿಂಗಳಿಂದ ಅವಳಿಗೆ ಗೊತ್ತಿತ್ತು. ನವಮಿ ಕಳೆದು ಕೆಲಸಕ್ಕೆ ಹೋದಾಗ ರಾಧಾಬಾಯಿಯೇ ಹೇಳಿದ್ದರಂತೆ: ನಮ್ಮವರ ಆಫೀಸಿನ ಸರೋಜಿನಿ ಅಂತ ಒಬ್ಬಾಕಿ, ನಿನ್ನ ಟಾಕಿ ಭಾಳ ಹೊತ್ತು ನೋಡಿದ್ಲು, ಚಹಾ ಕುಡದು ಹೋದ್ಲು, ಏನೂ ಅನ್ನಲಿಲ್ಲ ಅಂತ.

‘ಆಕೀಗಿ ಏನಂದಿ ಅವ್ವಾ?’

‘ಏನಂತೀನಿ? ಆಕಿಗಿ ಕಲ್ಲಿಂದು ತಿಳೀತದೋ ಇಲ್ಲೋ ಯವ್ವಾ ಅಂದೆ.’

೨೪ ಡಿಸೆಂಬರ್, ಭಾನುವಾರ

ಬೆಳಿಗ್ಗೆ ಚೀಲ ನಾನು ಹೊತ್ತೆ. ಇಷ್ಟು ಭಾರವೆಂದು ಗೊತ್ತಿರಲಿಲ್ಲ. ಅವ್ವ ಮುಂದೆ, ನಾನು ಹಿಂದೆ. ಸಾಹೇಬರ ಓಣಿಯ ತುದಿಯಲ್ಲಿ ಅವಳಿಗೆ ಕೆಮ್ಮು ಬಂತು. ಗೋಡೆ ಹಿಡಿದು ನಿಂತು, ‘ನೀನೇ ಕೂಗು. ಸರಕಾರಕ್ಕ ಕೇಳಂಗ ಕೂಗ್ತಿದ್ದೆಲ್ಲ, ಈ ಓಣಿಗಿ ಕೇಳಂಗ ಕೂಗು ನೋಡೂಣು’ ಎಂದಳು.

ಮೊದಲನೇ ಸಲ ಸ್ವರ ಹೊರಡಲಿಲ್ಲ. ಎರಡನೇ ಸಲ ಹೊರಟಿತು.

‘ಪಾಟಾಽ... ಜಾತಾಽ... ಟಾಕೀಯೇಽ...’

ಗೂಡಂಗಡಿಯವನು ತಿರುಗಿ ನೋಡಿದ. ಪಾರಿವಾಳಗಳು ಎದ್ದವು. ‘ಉದ್ದ ಎಳಿ, ಕಡೀಕ ಬಿಡಬ್ಯಾಡ’ ಎಂದು ಅವ್ವ ತಿದ್ದಿದಳು. ಮತ್ತೆ ಕೂಗಿದೆ, ಓಣಿಯ ಆ ತುದಿಗೆ ಮುಟ್ಟುವ ಹಾಗೆ. ಸಾಹೇಬರ ಮನೆಯ ಕಿಟಕಿ ತೆರೆಯಿತು. ರಾಧಾಬಾಯಿ ನನ್ನನ್ನು ನೋಡಿದರು, ನನ್ನ ಹೆಗಲ ಚೀಲ ನೋಡಿದರು, ಅವ್ವನನ್ನು ನೋಡಿದರು. ಕಿಟಕಿ ಹಾಗೇ ಇತ್ತು. ನಾವು ನಿಂತಿದ್ದೆವು. ಸ್ವಲ್ಪ ಹೊತ್ತಿನ ಮೇಲೆ ಮುಂದಿನ ಬಾಗಿಲಿನ ಅಗುಳಿ ಸರಿದ ಸದ್ದಾಯಿತು.

ಇವತ್ತು ಒಟ್ಟು ನಾಲ್ಕು ಓಣಿ ಕೂಗಿದ್ದಾಯಿತು. ಈಗ ಗಂಟಲು ಪೂರ್ತಿ ಕಟ್ಟಿದೆ, ನೀರು ನುಂಗಿದರೂ ನೋವು. ನಾಳೆ ರಜೆ. ನಾಡಿದ್ದು ಕಚೇರಿಯಲ್ಲಿ ಯಾಕೆ ಹೀಗಾಯಿತೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹೇಳುತ್ತೇನೆ.